ತೋಳು ಕೈಕೊಟ್ಟಾಗ ಕೈಬಿಡದವರಿಗೆ

ಹೋದ ಶನಿವಾರ ಮತ್ತೆ ಬೌಲಿಂಗ್ ಮಾಡಿದೆ. ಎರಡೇ ಓವರ್. ರನ್ ಸ್ವಲ್ಪ ಜಾಸ್ತಿಯೇ ಹೋಯಿತು, ಆದರೆ ಒಂದು ವಿಕೆಟ್ ಬಿತ್ತು. ಭುಜದ ಆಪರೇಷನ್ ಆದಮೇಲೆ "ಇನ್ನು ಆಟ ಮರೆತುಬಿಡಿ" ಅಂತ ಒಬ್ಬರು ಡಾಕ್ಟರು ಹೇಳಿದ್ದರು. ಹಾಗಾಗಿ ಆ ಒಂದು ವಿಕೆಟ್ಟಿಗೇ ಇಷ್ಟೊಂದು ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಮೊದಲ ಥ್ಯಾಂಕ್ಸ್ ನನ್ನ ಹೆಂಡತಿಗೆ. ಆಮೇಲೆ ಬೆಂಗಳೂರಿನಿಂದ ಫೋನಿನಲ್ಲೇ ಬೈದು ವ್ಯಾಯಾಮ ಮಾಡಿಸಿದ ಅಕ್ಕನಿಗೆ. ಅಳಿಸಿಯೂ ನಗಿಸಿಯೂ ಕೈ ಮೇಲೆತ್ತಿಸಿದ ಫಿಸಿಯೋಥೆರಪಿ ಮೇಡಂಗೆ.

ಇನ್ನೊಬ್ಬರಿದ್ದಾರೆ. ಅಮೆರಿಕದಲ್ಲಿ ನಾವಿರುವ ಈ ಕ್ಯಾನ್ಸಸ್ ಸಿಟಿಯಲ್ಲೇ 1982ರಲ್ಲಿ ತೀರಿಕೊಂಡ ಸ್ಯಾಚೆಲ್ ಪೇಜ್. ಬೇಸ್‌ಬಾಲಿನ ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಬ್ಯಾಟರಿಗೆ ಚೆಂಡು ಎಸೆಯುವವರು. ಮನೆಯಲ್ಲಿ ಸುಮ್ನೆ ಕೂತಿದ್ದ ದಿನಗಳಲ್ಲಿ ಹಿಂದಿನ ಕರಿಯರ ಲೀಗುಗಳ ಕಥೆ ಹೇಳುವ ಇಲ್ಲಿನ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿಂದ ಹಿಡಿದ ಗೀಳು.

ಪೇಜ್ ಹುಟ್ಟಿದ್ದು 1906ರಲ್ಲಿ, ಅಲಬಾಮಾದ ಮೊಬೀಲ್‌ನಲ್ಲಿ. ಬಡ ಮನೆ. ಹುಡುಗನಾಗಿದ್ದಾಗ ಸಣ್ಣ ಕಳ್ಳತನಕ್ಕೆ ಸಿಕ್ಕಿಬಿದ್ದು ಸುಧಾರಣಾ ಶಾಲೆ ಸೇರಿದರು. ಚೆಂಡು ಎಸೆಯುವುದನ್ನು ಸರಿಯಾಗಿ ಕಲಿತದ್ದು ಅಲ್ಲೇ. 1926ರಿಂದ ಕರಿಯರ ಲೀಗುಗಳಲ್ಲಿ ಆಡಿದರು. ಮೇಜರ್ ಲೀಗ್ ಅನ್ನೋ ದೊಡ್ಡ ಲೀಗಿನ ಬಾಗಿಲು ಕರಿಯರಿಗೆ ಮುಚ್ಚಿತ್ತು. ಹೋದ ಊರಲ್ಲಿ ಎಷ್ಟೋ ಸಲ ಹೋಟೆಲಿನಲ್ಲಿ ರೂಮು ಕೊಡುತ್ತಿರಲಿಲ್ಲ, ಬಸ್ಸಲ್ಲೇ ಊಟ, ಬಸ್ಸಲ್ಲೇ ನಿದ್ದೆ. ಇದರ ಮುಂದೆ ನನ್ನ ಭುಜದ ನೋವು ಯಾವ ಲೆಕ್ಕ ಬಿಡಿ.

1938ರಲ್ಲಿ ಮೆಕ್ಸಿಕೋದಲ್ಲಿ ಆಡುವಾಗ ಅವರ ತೋಳು ಕೈಕೊಟ್ಟಿತು. ಇನ್ನು ಎಸೆಯೋಕೆ ಆಗಲ್ಲ ಅಂದರು ಡಾಕ್ಟರು. ಅದುವರೆಗೆ ಅವರಿಗಾಗಿ ಜಗಳಾಡುತ್ತಿದ್ದ ತಂಡಗಳೆಲ್ಲ ತಣ್ಣಗಾದವು. ಆಗ ಕರೆದವರು ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಮಾಲೀಕ ಜೆ. ಎಲ್. ವಿಲ್ಕಿನ್ಸನ್. ಮುಖ್ಯ ತಂಡಕ್ಕಲ್ಲ, ಸಣ್ಣ ಊರುಗಳನ್ನು ಸುತ್ತುವ ಎರಡನೇ ತಂಡಕ್ಕೆ. ಪೇಜ್ ಹೆಸರಿಗೆ ಜನ ಸೇರುತ್ತಾರೆ ಅನ್ನೋ ಲೆಕ್ಕವೂ ಅವರಿಗೆ ಇತ್ತು. ಇರಲಿ, ಕೆಲಸ ಕೊಟ್ಟರಲ್ಲ! ಆಡ್ತಾ ಆಡ್ತಾ ತೋಳಿಗೆ ಜೀವ ಬಂತು. 1942ರಲ್ಲಿ ಮೊನಾರ್ಕ್ಸ್ ಕರಿಯರ ಲೀಗುಗಳ ಫೈನಲ್ ಆದ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಾಗ ಎದುರಾಳಿ ಹೋಮ್‌ಸ್ಟೆಡ್ ಗ್ರೇಸ್‌ನ ಜಾಶ್ ಗಿಬ್ಸನ್‌ನಂಥ ಬ್ಯಾಟರನ್ನೂ ಪೇಜ್ ಕಟ್ಟಿಹಾಕಿದ್ದರು.

ನಮ್ಮ ಕ್ಯಾಪ್ಟನ್ ನನಗೆ ಮಾಡಿದ್ದೂ ಇದೇ. ಕೈ ಎತ್ತಲಾಗದವನನ್ನು ತಂಡದಿಂದ ಕೈಬಿಡಲಿಲ್ಲ. ಪ್ರತಿ ಆಟಕ್ಕೂ ಕರೆದು ಸ್ಕೋರ್ ಬರೆಯೋಕೆ ಕೂರಿಸಿದ. "ನೀನಿಲ್ಲದೆ ಲೆಕ್ಕ ತಪ್ಪುತ್ತೆ ಮಾರಾಯ" ಅಂತಿದ್ದ. ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು. ಆ ಸುಳ್ಳಿಗೆ ಈಗ ಎಲ್ಲರ ಮುಂದೆ ಥ್ಯಾಂಕ್ಸ್ ಕಣೋ.

ಪೇಜ್‌ಗೆ ದೊಡ್ಡ ಲೀಗಿನ ಬಾಗಿಲು ತೆರೆದದ್ದು 1948ರ ಜುಲೈ 7ಕ್ಕೆ, 42ನೇ ಹುಟ್ಟುಹಬ್ಬದ ದಿನ. ಕ್ಲೀವ್‌ಲ್ಯಾಂಡ್ ತಂಡ ಸಹಿ ಹಾಕಿಸಿಕೊಂಡಿತು. ಆ ವರ್ಷ ಪಿಚರ್ ಆಗಿ ಅವರ ಲೆಕ್ಕಕ್ಕೆ ಆರು ಗೆಲುವು, ಒಂದೇ ಸೋಲು. ತಂಡ ದೊಡ್ಡ ಲೀಗಿನ ಫೈನಲ್ ಆದ ವರ್ಲ್ಡ್ ಸೀರೀಸನ್ನೂ ಗೆದ್ದಿತು. 1965ರಲ್ಲಿ, 59ನೇ ವಯಸ್ಸಿನಲ್ಲಿ, ಆಗ ಇದೇ ಊರಲ್ಲಿದ್ದ ಅಥ್ಲೆಟಿಕ್ಸ್ ತಂಡಕ್ಕೆ, ಒಂಬತ್ತು ಇನಿಂಗ್ಸಿನ ಆಟದಲ್ಲಿ ಮೂರು ಇನಿಂಗ್ಸ್ ಎಸೆದು ಒಂದು ರನ್ನೂ ಬಿಟ್ಟುಕೊಡಲಿಲ್ಲ. 1971ರಲ್ಲಿ ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಿಸುವಾಗಲೂ ಕರಿಯ ಆಟಗಾರರಿಗೆ ಬೇರೆ ಜಾಗ ಅಂತ ಯೋಚಿಸಿದ್ದರಂತೆ! ಜನ ರೇಗಿದ ಮೇಲೆ ಎಲ್ಲರ ಜೊತೆ ಇಟ್ಟರು. ಅಷ್ಟು ಹೊತ್ತಿಗೂ ಬುದ್ಧಿ ಬಂದಿರಲಿಲ್ಲ ನೋಡಿ.

ಗಾಡಿ ಓಡಿಸಿದವರು, ಸಾರು ಕಳಿಸಿದವರು, ಹೆಸರು ಬಿಟ್ಟುಹೋದವರು, ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ಆಟ ಇದೆ, ಬನ್ನಿ. ಚಿತ್ರಾನ್ನ ನಮ್ಮ ಮನೆಯದು. ಸ್ಕೋರ್ ಬರೆಯೋಕೆ ಮಾತ್ರ ಯಾರಾದರೂ ಬೇಕು.