ಪುಂಡಿಯನ್ನು ಯಾಕೆ ಹೊಡೆದುಹಾಕಿದೆ?

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ, ಜೊತೆಗಿದ್ದ ಪತ್ರವನ್ನು ಅದಕ್ಕಿಂತ ಹೆಚ್ಚು ಸಲ. ಕತೆ ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕಾಡಿದ್ದು ಒಂದೇ ಸಾಲು: "ತುಳುವಿನಲ್ಲಿ ಹೊಳೆದದ್ದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಕತೆ ಸತ್ತುಹೋಗುತ್ತದೆ. ಬರೆಯುವಾಗ ತುಳುವನ್ನು ತಲೆಯಿಂದ ಹೊರಗಿಡುವುದು ಹೇಗೆ?"

ಹೊರಗಿಡಲು ಆಗುವುದಿಲ್ಲ ತಂಗಿ. 1999ರಲ್ಲಿ ಸ್ಪೈವಿ ಮತ್ತು ಮರಿಯನ್ ಎಂಬ ಇಬ್ಬರು ಸಂಶೋಧಕರು ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರ ಕಣ್ಣಿನ ಚಲನೆಯನ್ನು ದಾಖಲಿಸಿದರು. ಅಂಚೆಚೀಟಿಯನ್ನು ಎತ್ತಿಡು ಎಂದು ರಷ್ಯನ್ ಭಾಷೆಯಲ್ಲಿ ಹೇಳಿದಾಗ, ಆ ಪದ 'ಮಾರ್ಕು' ಎಂದು ಕೇಳಿಸುತ್ತದೆ. ಅಷ್ಟಕ್ಕೇ ಅವರ ಕಣ್ಣು ಆಗಾಗ ಪಕ್ಕದಲ್ಲಿದ್ದ ಮಾರ್ಕರ್ ಪೆನ್ನಿನ ಕಡೆಗೂ ಹೊರಳುತ್ತಿತ್ತು. ಆ ಹೊತ್ತಿನಲ್ಲಿ ಇಂಗ್ಲಿಷನ್ನು ಯಾರೂ ಕರೆದಿರಲಿಲ್ಲ. ಅದು ತಾನಾಗಿ ಎದ್ದು ಕುಳಿತಿತ್ತು. ನಮ್ಮ ಕರಾವಳಿಯ ಮಕ್ಕಳಿಗೆ ಇದು ಹೊಸತೇನಲ್ಲ. ತುಳುವಿನಲ್ಲಿ 'ಇಲ್ಲ್' ಎಂದರೆ ಮನೆ, ಕನ್ನಡದ ಕಿವಿಗೆ ಅದೇ 'ಇಲ್ಲ'. 'ಬಲೆ' ಎಂದರೆ ಬನ್ನಿ, ಕನ್ನಡದಲ್ಲಿ ಅದರಿಂದ ಮೀನು ಹಿಡಿಯುತ್ತಾರೆ. ಅಪ್ಪೆ ಎಂದರೆ ತಾಯಿ. ಪಾಠದ ಪುಸ್ತಕದಲ್ಲಿ 'ಅಪ್ಪ' ಎಂಬುದರ ಮೇಲೆ ಮೀಸೆಯ ಗಂಡಸಿನ ಚಿತ್ರ ಕಂಡ ದಿನ ನನಗಾದ ಗಲಿಬಿಲಿ ಇನ್ನೂ ನೆನಪಿದೆ.

ಒಂದು ಭಾಷೆಯನ್ನು ಆರಿಸಿಕೊಳ್ಳುವಾಗ ಮಿದುಳು ಇನ್ನೊಂದನ್ನು ಅದುಮಿ ಹಿಡಿಯುತ್ತದೆ ಎಂದು ಮನೋವಿಜ್ಞಾನಿ ಡೇವಿಡ್ ಗ್ರೀನ್ 1998ರಲ್ಲಿ ವಾದಿಸಿದರು. ಮರುವರ್ಷ ಮ್ಯೂಟರ್ ಮತ್ತು ಆಲ್‌ಪೋರ್ಟ್ ಎಂಬ ಸಂಶೋಧಕರು ಎರಡು ಭಾಷೆ ಬಲ್ಲವರ ಮೇಲೆ ಒಂದು ಸರಳ ಪರೀಕ್ಷೆಯ ವರದಿ ಪ್ರಕಟಿಸಿದರು: ಪರದೆಯ ಮೇಲೆ ಒಂದು ಅಂಕಿ, ಅದರ ಹಿನ್ನೆಲೆಯ ಬಣ್ಣ ನೋಡಿ ಅದನ್ನು ಈ ಭಾಷೆಯಲ್ಲೋ ಆ ಭಾಷೆಯಲ್ಲೋ ಹೇಳಬೇಕು. ಎರಡನೆಯದಾಗಿ ಕಲಿತ ಭಾಷೆಗೆ ದಾಟುವುದಕ್ಕಿಂತ, ಮೊದಲ ಭಾಷೆಗೆ ಮರಳುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಬಲವಾದದ್ದನ್ನು ಬಲವಾಗಿ ಅದುಮಬೇಕಾದ್ದರಿಂದ ಬಿಡಿಸಿಕೊಳ್ಳುವುದೂ ನಿಧಾನ ಎಂದು ಅವರು ಅದನ್ನು ಅರ್ಥೈಸಿದರು. ಈ ವಿವರಣೆಯ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ನನಗೆ ಮಾತ್ರ ಅದನ್ನು ಓದಿದಾಗ ನನ್ನ ಅಪ್ಪೆಯ ಮುಖ ಎದುರಿಗೆ ಬಂತು.

ಮೈಸೂರಿನಲ್ಲಿ ಮೂರು ವರ್ಷ ಓದಿ ಊರಿಗೆ ಹೋಗಿದ್ದೆ. ಬಸ್ ಇಳಿದು ಅಂಗಳಕ್ಕೆ ಕಾಲಿಟ್ಟಾಗ ಅಪ್ಪೆ "ವನಸ್ ಆಂಡಾ?" ಎಂದರು. ಊಟವಾಯಿತೇ ಎಂದು ಕೇಳಿದ್ದು, ಅಷ್ಟೇ. ನಾನು ಒಂದು ಕ್ಷಣ ತಡವರಿಸಿ ಕನ್ನಡದಲ್ಲಿ ಉತ್ತರಿಸಿದೆ. ಪರೀಕ್ಷೆಯಲ್ಲಿನ ತಡ ಸೆಕೆಂಡಿನ ಸಣ್ಣ ತುಣುಕು. ಅದರ ಹಿಂದೆ ನಾನು ಅಡಗಿಕೊಳ್ಳಲಾರೆ. ನನ್ನಲ್ಲಿ ಜಂಬವೂ ಇತ್ತು. ಅಂದಿನಿಂದ ಅಪ್ಪೆ ನನ್ನೊಡನೆ ಕನ್ನಡದಲ್ಲೇ ಮಾತನಾಡತೊಡಗಿದರು. ಅವರಿಗೆ ಬರುತ್ತಿದ್ದ ಕನ್ನಡ ಅಷ್ಟಿಷ್ಟು. ಮಗ ದೊಡ್ಡವನಾಗಿದ್ದಾನೆ, ಅವನಿಗೆ ಇದೇ ಸರಿ ಎಂದುಕೊಂಡಿರಬೇಕು. ಹೇಳಲು ಪದ ಸಿಗದೆ ಎಷ್ಟೋ ಮಾತನ್ನು ಅವರು ನುಂಗಿಕೊಂಡರು. ತುಳುವಿನಲ್ಲೇ ಹೇಳಿ ಎಂದು ನಾನು ಕೊನೆಯವರೆಗೂ ಹೇಳಲಿಲ್ಲ.

ನನ್ನ ಮೊದಲ ಕತೆಯಲ್ಲಿ ಒಬ್ಬ ಮುದುಕ ತಲೆಯ ಮೇಲಿನ ಮುಟ್ಟಾಳೆಯನ್ನು ತೆಗೆದು ಬೆವರು ಒರೆಸಿಕೊಳ್ಳುತ್ತಾನೆ. ಸಂಪಾದಕರೊಬ್ಬರು ಅದನ್ನು 'ಟೊಪ್ಪಿ' ಮಾಡಿದರು. ಅಡಿಕೆ ಹಾಳೆಯ ವಾಸನೆ, ಅವನ ತೋಟ, ಅವನ ಜಾತಿ, ಬಡತನ ಎಲ್ಲವೂ ಒಂದು ಗೀಟಿನಲ್ಲಿ ಹೋಯಿತು. ನಲವತ್ತು ವರ್ಷವಾದರೂ ಆ ಸಿಟ್ಟು ಆರಿಲ್ಲ. ನಿನ್ನ ಏಳನೆಯ ಪುಟದಲ್ಲಿ ಅಜ್ಜಿ 'ಪುಂಡಿ' ಕಟ್ಟುತ್ತಿದ್ದರು. ನೀನೇ ಅದನ್ನು ಹೊಡೆದು 'ಅಕ್ಕಿಯ ಕಡುಬು' ಎಂದು ಬರೆದಿದ್ದೀಯ. ಸಂಪಾದಕರು ಬರುವ ಮೊದಲೇ ಅವರ ಕೆಲಸವನ್ನು ನೀನು ಮಾಡಿ ಮುಗಿಸಿದೆಯಲ್ಲ!

ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಮಂಜೇಶ್ವರದ ಗೋವಿಂದ ಪೈಗಳದು ಕೊಂಕಣಿ ಎಂದು ನಿನ್ನನ್ನು ಸಮಾಧಾನಪಡಿಸುವವರು ಸಿಗುತ್ತಾರೆ. ನಿಜವೇ. ಆದರೆ ಆ ಸಮಾಧಾನದಿಂದ ಏಳನೆಯ ಪುಟ ಸರಿಯಾಗುವುದಿಲ್ಲ. ಮಾತನಾಡುವಾಗ ಮಿದುಳು ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಸಿ ಮುಗಿಸುತ್ತದೆ. ಮೇಜಿನ ಮುಂದೆ ಕುಳಿತ ನಿನಗೆ ಅಂಥ ಅವಸರವಿಲ್ಲ. ಎರಡೂ ಪದಗಳನ್ನು ಎದುರಿಗೆ ಕೂರಿಸಿಕೋ, ಬಾಯಿಬಿಟ್ಟು ಹೇಳಿ ನೋಡು. ಕನ್ನಡದ ಪದ ಗೆದ್ದರೆ ಗೆಲ್ಲಲಿ. ನಾಚಿಕೆಗೆ ಮಾತ್ರ ಆರಿಸಲು ಬಿಡಬೇಡ. ಭೂತಕೋಲದ ದೃಶ್ಯದಲ್ಲಿ ನೀನು ಸಾಲುಸಾಲಾಗಿ ತುಳು ಪದಗಳನ್ನು ಸುರಿದದ್ದೂ ನನಗೆ ಹಿಡಿಸಲಿಲ್ಲ. ಅದು ಘಟ್ಟದ ಮೇಲಿನವರನ್ನು ಬೆರಗಾಗಿಸಲು ಬರೆದದ್ದು, ನಿನ್ನ ಅಜ್ಜಿಗಾಗಿ ಬರೆದದ್ದಲ್ಲ.

ಹಸ್ತಪ್ರತಿಯನ್ನು ಇದರೊಡನೆ ಮರಳಿಸುತ್ತಿದ್ದೇನೆ. ಪುಂಡಿಯನ್ನು ಪೆನ್ಸಿಲಿನಲ್ಲಿ ಮತ್ತೆ ಬರೆದಿಟ್ಟಿದ್ದೇನೆ. ಅಜ್ಜಿ ಅದನ್ನು ಬೇಯಿಸುತ್ತಿದ್ದದ್ದು 'ಪಾತ್ರೆಯಲ್ಲಿ' ಎಂದಷ್ಟೇ ಇದೆ. ಆ ಪಾತ್ರೆಗೆ ಅವರು ಏನೆನ್ನುತ್ತಿದ್ದರು? ಮುಂದಿನ ಪತ್ರದಲ್ಲಿ ತಿಳಿಸು.

ಇತಿ,
ನಿನ್ನ ಹಿರಿಯ