ಪಾತ್ರೆ ಉಜ್ಜೋಳು ತಿರುಗಿ ನೋಡಲ್ಲ: ಮಂಜನಿಗೊಂದು ಪತ್ರ

ಲೋ ಮಂಜ,

ಫೋನ್ ಮಾಡಿದ್ರೆ ನೀನು ಎತ್ತಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ, ಬೇರೆಯವ್ರೂ ಓದ್ಕೊಳ್ಳಲಿ. ಮೊನ್ನೆ ರಾತ್ರಿ ನಿದ್ದೆ ಬರ್ದೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಸೈಟಲ್ಲಿ ಹಳೇ ಪ್ರಿಂಟ್‌ಗಳನ್ನ ನೋಡ್ತಾ ಕೂತಿದ್ದೆ (ದೊಡ್ಡ ಸೈಜಲ್ಲೇ ಫ್ರೀ ಡೌನ್‌ಲೋಡ್, ನೀನೂ ನೋಡು), ಅಲ್ಲೊಂದು ಚಿತ್ರ ಸಿಕ್ತು ಕಣೋ, ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ ಪಾತ್ರೆ ಉಜ್ತಿದಾಳೆ. ಅಷ್ಟೇ. ಮುಖಾನೇ ಕಾಣಲ್ಲ.

ಮಾಡಿದೋಳು ಗೀರ್ಟ್ರಾಯ್ಡ್ ರೋಗ್‌ಮನ್ ಅಂತ, 1625ರಲ್ಲಿ ಹುಟ್ಟಿದೋಳು. ಮನೇನೇ ಒಂದು ವರ್ಕ್‌ಶಾಪ್ ಇದ್ದಂಗೆ, ಅಪ್ಪ ತಾಮ್ರದ ತಗಡಲ್ಲಿ ಚಿತ್ರ ಕೊರೆಯೋನು, ತಮ್ಮ ರೋಲಂಟ್ ಹೆಸರು ಮಾಡಿದ ಪೇಂಟರ್, ತಂಗಿ ಮ್ಯಾಗ್ಡಲೀನಾಗೂ ಇದೇ ಕಸುಬು. ತಮ್ಮ ಬರೆದ ಲ್ಯಾಂಡ್‌ಸ್ಕೇಪ್‌ಗಳನ್ನೂ ತಗಡಿಗೆ ಇಳಿಸಿಕೊಟ್ಟಿದಾಳೆ ಪಾಪ. ಆದ್ರೆ ಈ ಪಾತ್ರೆ ಉಜ್ಜೋ ಚಿತ್ರ ಸೇರಿ ಹೆಂಗಸರ ಮನೆಕೆಲಸದ ಐದು ಚಿತ್ರದ ಸೆಟ್ ಮಾತ್ರ ಕಲ್ಪನೆ, ಕೊರೆತ ಎರಡೂ ಅವಳದೇ. ಹೊಲಿಯೋದು, ಬಟ್ಟೆಗೆ ನೆರಿಗೆ ಹಿಡಿಯೋದು, ನೂಲೋದು, ಪ್ಯಾನ್‌ಕೇಕ್ ಹುಯ್ಯೋದು, ಪಾತ್ರೆ ಉಜ್ಜೋದು.

ಈ ತಗಡು ಕೊರೆಯೋ ಕೆಲಸಾನೂ ಸುಲಭ ಅಲ್ಲ ಮಾರಾಯ. ತಾಮ್ರದ ಮೇಲೆ ಚೂಪು ಉಳಿ ತಳ್ಳಿ ಒಂದೊಂದೇ ಗೆರೆ ಕೊರೀಬೇಕು, ಮಸಿ ತುಂಬಿ, ಮೇಲಿಂದೆಲ್ಲಾ ಒರೆಸಿ, ಒದ್ದೆ ಕಾಗದ ಹಾಕಿ ಪ್ರೆಸ್ಸಲ್ಲಿ ಒತ್ತಿದ್ರೆ ಚಿತ್ರ ಕನ್ನಡೀಲಿ ನೋಡ್ದಂಗೆ ತಿರುಗಾಮುರುಗಾ ಬರತ್ತೆ, ಅಂದ್ರೆ ಸೂಜಿ ಹಿಡಿದ ಕೈ ಬಲಗೈ ಆಗಬೇಕು ಅಂದ್ರೆ ತಗಡಲ್ಲಿ ಅದು ಎಡಗೈ.

ನನಗೆ ಇವು ಯಾಕೆ ಹಿಡಿಸ್ತು ಅಂದ್ರೆ, ಆ ಕಾಲದ ಪ್ರಿಂಟ್‌ಗಳಲ್ಲಿ ಹೆಂಗಸರ ಕೆಲಸ ಅಂದ್ರೆ ಸಾಮಾನ್ಯವಾಗಿ ಒಂದೋ ಉಪದೇಶ, ಇಲ್ಲಾ ತಮಾಷೆ. ನೂಲ್ತಾ ಕೂತ್ರೆ ಒಳ್ಳೇ ಹೆಂಡ್ತಿ, ಒಲೆ ಮುಂದೆ ತೂಕಡಿಸಿದ್ರೆ ಸೋಮಾರಿ. 1500ರ ಆಸುಪಾಸಿನ ಜರ್ಮನ್ ಕೊರೆತದ ಕೆಲಸಗಾರ ಇಸ್ರಾಯೆಲ್ ಫಾನ್ ಮೆಕೆನೆಮ್ ಅನ್ನೋನ ಒಂದು ಚಿತ್ರದಲ್ಲಂತೂ ಹೆಂಡ್ತಿ ನೂಲೋ ಕೋಲನ್ನೇ ಎತ್ಕೊಂಡು ಗಂಡನಿಗೆ ಬಾರಿಸ್ತಾಳೆ, ನಕ್ಕೂ ನಕ್ಕೂ ಸಾಕಾಯ್ತು. ಡಚ್ ಪೇಂಟರ್ ರೆಂಬ್ರಾಂಟ್ 1635ರಲ್ಲಿ ಮಾಡಿದ ಪ್ಯಾನ್‌ಕೇಕ್ ಅಜ್ಜಿ ಚಿತ್ರಾನೂ ಚೆನ್ನಾಗಿದೆ, ಸುತ್ತ ಹುಡುಗ್ರು, ಮುಂದೆ ಒಂದು ಕೂಸು ಕೈಯಲ್ಲಿರೋ ಪ್ಯಾನ್‌ಕೇಕನ್ನ ನಾಯಿ ಬಾಯಿಂದ ಉಳಿಸ್ಕೊಳ್ಳೋಕೆ ಒದ್ದಾಡ್ತಿದೆ, ಆದ್ರೆ ನೋಡು, ನಮ್ಮ ಕಣ್ಣು ಕೂಸಿನ ಮೇಲೇ ಹೋಗತ್ತೆ, ಅಜ್ಜಿ ಮರೆತೇಹೋಗ್ತಾಳೆ.

ಗೀರ್ಟ್ರಾಯ್ಡ್ ಹತ್ರ ಆ ಆಟ ಇಲ್ಲ. ನೀತಿ ಇದೆ ಅನ್ನೋ ಪಂಡಿತರೂ ಇದಾರೆ, ಉಜ್ಜೋದು ಅಂದ್ರೆ ಮನಸ್ಸು ಶುದ್ಧ ಮಾಡ್ಕೊಳ್ಳೋದು ಅಂತೆಲ್ಲಾ, ಇರಬಹುದು, ಆದ್ರೆ ನನಗ್ಯಾಕೋ ಒಪ್ಪಲ್ಲ. ಆ ಬೆನ್ನು ನೋಡಿದ್ರೆ ಗೊತ್ತಾಗತ್ತೆ ಅವಳಿಗೆ ನಮ್ಮನ್ನ ಮಾತಾಡ್ಸೋಕೆ ಪುರುಸೊತ್ತಿಲ್ಲ ಅಂತ, ಅದನ್ನ ಬರೆದೋಳಿಗೂ ಆ ಕೆಲಸ ಗೊತ್ತಿತ್ತು ಅಂತ ನನ್ನ ಲೆಕ್ಕ.

ಬೆಳಗ್ಗೆ ಅಮ್ಮಂಗೆ ತೋರಿಸ್ದೆ. ಕನ್ನಡಕ ಹಾಕ್ಕೊಂಡು, ಎರಡು ಬೆರಳಲ್ಲಿ ದೊಡ್ಡದು ಮಾಡಿ ಮೂಲೆಮೂಲೆ ನೋಡಿದ್ಲು. ಕಲೆ ಗಿಲೆ ಏನೂ ಮಾತಾಡ್ಲಿಲ್ಲ, "ಇಷ್ಟೊಂದು ಪಾತ್ರೆನಾ, ಮನೇಲಿ ಎಷ್ಟು ಜನ ಇದ್ರಂತೆ?" ಅಂದ್ಲು.

ಲಿಂಕ್ ವಾಟ್ಸಾಪಲ್ಲಿ ಹಾಕಿದೀನಿ. ಫೋನ್ ಎತ್ತೋ.