ಜಳಕದ ನೀರಿಗೂ ಜಿಲ್ಲಾ ಯೋಜನೆಯಲ್ಲಿ ಒಂದು ಕಲಂ ಇರಲಿ

ಪುಣೆ ಜಿಲ್ಲಾ ಪರಿಷತ್ತಿನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಖೇಡ್ ತಾಲ್ಲೂಕಿನಲ್ಲಿ, ಚಾಕಣದ ಕಾರ್ಖಾನೆಗಳಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ನೆಲೆಸಿರುವ ಕನ್ನಡಿಗ ನಾನು. ನನ್ನ ದುಡಿಮೆಯ ಬಹುಪಾಲು ಬಾಯ್ಲರ್ ನಿರ್ವಹಣೆಯಲ್ಲಿ ಕಳೆದಿದೆ. ಇಷ್ಟು ನೀರು ಕಾಯಲು ಎಷ್ಟು ಉರುವಲು ಹೋಯಿತು, ಅದರಲ್ಲಿ ಚಿಮಣಿಯ ಪಾಲಾದದ್ದೆಷ್ಟು ಎಂಬುದನ್ನು ಕಾರ್ಖಾನೆಯಲ್ಲಿ ಪಾಳಿ ಪಾಳಿಗೂ ಬರೆದಿಡುತ್ತೇವೆ. ಕಾರ್ಖಾನೆಯ ಗೋಡೆ ದಾಟಿದರೆ ಈ ಲೆಕ್ಕ ಇಡುವವರೇ ಇಲ್ಲ. ಅಡುಗೆಯ ಇಂಧನಕ್ಕೆ ಯೋಜನೆಯಿದೆ, ದೀಪಕ್ಕೆ ಯೋಜನೆಯಿದೆ, ಹೊಲದ ಪಂಪಿಗೂ ಯೋಜನೆಯಿದೆ. ಹಳ್ಳಿಯ ಮನೆಯಲ್ಲಿ ಅಡುಗೆಯಂತೆಯೇ ಕಟ್ಟಿಗೆ ನುಂಗುವ ಸ್ನಾನದ ನೀರು ಮಾತ್ರ ಯಾವ ಇಲಾಖೆಯ ಕಡತದಲ್ಲಿಯೂ ಇಲ್ಲ. ಅದಕ್ಕೆ ಜಿಲ್ಲಾ ಪರಿಷತ್ತಿನ ಯೋಜನೆಯಲ್ಲಿ ಪ್ರತ್ಯೇಕ ಜಾಗ ಕೊಡಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಇದರ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ವಿಜಯಪುರ, ಕಲಬುರಗಿ, ಜತ್ತ, ಅಕ್ಕಲಕೋಟೆಗಳ ಕಡೆಯಿಂದ ದುಡಿಯಲು ಬಂದು ಈ ಜಿಲ್ಲೆಯ ಹಳ್ಳಿಗಳಲ್ಲಿ ಬಾಡಿಗೆಗೆ ಇರುವ ನಮ್ಮವರು ಓದಿ, ತಮ್ಮ ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಲಿ ಎಂದು ಕನ್ನಡದಲ್ಲಿಯೂ ಪ್ರಕಟಿಸುತ್ತಿದ್ದೇನೆ.

ಮೊದಲು ಲೆಕ್ಕವನ್ನೇ ಮುಂದಿಡುತ್ತೇನೆ. ಚಳಿಗಾಲದಲ್ಲಿ 20 ಡಿಗ್ರಿಯಲ್ಲಿರುವ 20 ಲೀಟರಿನ ಒಂದು ಬಕೆಟ್ ನೀರನ್ನು ಮೈಗೆ ಹಿತವಾದ 42 ಡಿಗ್ರಿಗೆ ತರಲು ಸುಮಾರು ಅರ್ಧ ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಐದು ಜನರ ಮನೆಗೆ ದಿನಕ್ಕೆ ಎರಡೂವರೆ ಯೂನಿಟ್ ಆಯಿತು. ಇದೇ ಶಾಖವನ್ನು ಮೂರು ಕಲ್ಲಿನ ತೆರೆದ ಒಲೆಯಿಂದ ಪಡೆಯಬೇಕಾದರೆ ದಿನಕ್ಕೆ ನಾಲ್ಕು ಕಿಲೋದಷ್ಟು ಒಣ ಕಟ್ಟಿಗೆ ಸುಡಬೇಕಾಗುತ್ತದೆ. ಅಂಥ ಒಲೆಯಲ್ಲಿ ಉರಿಯ ಶೇಕಡಾ 10ರಿಂದ 15 ಭಾಗ ಮಾತ್ರ ಪಾತ್ರೆಗೆ ತಲುಪಿ, ಉಳಿದದ್ದು ಗಾಳಿಗೆ ಹೋಗುವುದೇ ಇದಕ್ಕೆ ಕಾರಣ. ಬೇಸಿಗೆಯ ತಿಂಗಳುಗಳನ್ನು ಕೈಬಿಟ್ಟರೂ ಒಂದು ಮನೆ ವರ್ಷಕ್ಕೆ ಒಂದು ಟನ್ನಿನಷ್ಟು ಕಟ್ಟಿಗೆಯನ್ನು ಬರೀ ಜಳಕಕ್ಕೆ ಉರಿಸುತ್ತದೆ. ಉಜ್ವಲಾ ಯೋಜನೆಯಲ್ಲಿ ಸಿಲಿಂಡರ್ ಬಂದ ಮನೆಯಲ್ಲಿಯೂ ಹಿತ್ತಲಿನಲ್ಲಿ ಹೊಗೆ ಏಕೆ ಏಳುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಐದು ಬಕೆಟ್ ನೀರನ್ನು ದಿನವೂ ಗ್ಯಾಸಿನ ಮೇಲೆ ಕಾಯಿಸಿದರೆ 14.2 ಕಿಲೋದ ಸಿಲಿಂಡರ್ ಆ ಕೆಲಸವೊಂದಕ್ಕೇ ಒಂದೂವರೆ ತಿಂಗಳೊಳಗೆ ಮುಗಿಯುತ್ತದೆ. ಆದ್ದರಿಂದ ಗ್ಯಾಸ್ ಅಡುಗೆಗೆ, ಕಟ್ಟಿಗೆ ಸ್ನಾನಕ್ಕೆ ಎಂದು ಹೆಣ್ಣುಮಕ್ಕಳು ತಾವೇ ಪಾಲು ಮಾಡಿಕೊಂಡಿದ್ದಾರೆ.

ಕಾರ್ಖಾನೆಗಳ ಸುತ್ತಲಿನ ಹಳ್ಳಿಗಳಲ್ಲಿ ಆ ಕಟ್ಟಿಗೆಯೂ ಕಾಡಿನದಲ್ಲ. ರೈತರು ಹೊಲದ ಅಂಚಿನಲ್ಲಿ ಸಾಲಾಗಿ ಕಟ್ಟಿಸಿರುವ ಪತ್ರೆಯ ಖೋಲಿಗಳ, ಅಂದರೆ ತಗಡಿನ ಬಾಡಿಗೆ ಕೋಣೆಗಳ, ಮುಂದೆ ಬೆಳಗಿನ ಪಾಳಿಗೆ ಮುಂಚೆ ಒಮ್ಮೆ ತಾವು ಬಂದು ನೋಡಬೇಕು. ಖೋಲಿಗೊಂದು ಒಲೆ, ಒಲೆಯ ಮೇಲೆ ಬಣ್ಣದ ಹಳೆಯ ಡಬ್ಬ ಅಥವಾ ಜರ್ಮನ್ (ಅಲ್ಯೂಮಿನಿಯಂ) ಪಾತೇಲಿ. ಕೆಳಗೆ ಉರಿಯುವುದು ಕಾರ್ಖಾನೆಗಳಿಂದ ಗುಜರಿಗೆ ಬಂದ, ಸರಕು ಪೇರಿಸುವ ಪ್ಯಾಲೆಟ್ ಹಲಗೆ, ಅಂಟು ಹಾಕಿದ ಪ್ಲೈವುಡ್ ತುಂಡು, ಹೊತ್ತಿಸಲೆಂದು ಸುತ್ತಿದ ಪ್ಲಾಸ್ಟಿಕ್. ಮಧ್ಯಾಹ್ನ ಬೂದಿ ಆರಿದ ಮೇಲೆ ಮಕ್ಕಳು ಅದನ್ನು ಕೆದರಿ ಮೊಳೆಗಳನ್ನು ಹೆಕ್ಕಿ ಗುಜರಿಯವನಿಗೆ ತೂಕಕ್ಕೆ ಕೊಡುತ್ತಾರೆ. ಪ್ಲೈವುಡ್ಡಿನ ಅಂಟು ಸುಟ್ಟಾಗ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಹೊರಬೀಳುತ್ತದೆ. ಒಲೆಯ ಮಗ್ಗುಲಲ್ಲಿ ಕೂತ ಕೂಸು ಉಸಿರಾಡುವುದು ಅದನ್ನೇ.

ಹೊಗೆ ಬೇಡವೆಂದವರು ಕಾಯಿಲ್ ರಾಡ್ ತರುತ್ತಾರೆ. ಅರ್ಥಿಂಗ್ ಇಲ್ಲದ ಪತ್ರೆಯ ಖೋಲಿಯಲ್ಲಿ, ತೇವದ ನೆಲದ ಮೇಲೆ, ಐಎಸ್‌ಐ ಗುರುತಿಲ್ಲದ ರಾಡನ್ನು ಬಕೆಟ್ಟಿಗೆ ಇಳಿಬಿಡುವುದು ಎಂಥ ಅಪಾಯ ಎಂದು ತಮಗೆ ಹೇಳಬೇಕಾಗಿಲ್ಲ. ಸ್ವಲ್ಪ ಅನುಕೂಲಸ್ಥರು ಗ್ಯಾಸ್ ಗೀಸರ್ ಹಾಕಿಸುತ್ತಾರೆ. ಗವಾಕ್ಷಿಯಿಲ್ಲದ ಬಚ್ಚಲಿನಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವ ತೆಗೆದ ಸುದ್ದಿಗಳನ್ನು ಮಹಾರಾಷ್ಟ್ರದ ಪತ್ರಿಕೆಗಳಲ್ಲಿ ಚಳಿಗಾಲದಲ್ಲಿ ಓದುತ್ತಲೇ ಇದ್ದೇವೆ. ಇನ್ನು ವಿದ್ಯುತ್ ಗೀಸರ್. ದಿನಕ್ಕೆ ಎರಡೂವರೆ ಯೂನಿಟ್ ಎಂದರೆ ತಿಂಗಳಿಗೆ 75 ಯೂನಿಟ್. ದೀಪ, ಫ್ಯಾನು, ಟೀವಿಗಳ ಬಳಕೆಯೊಡನೆ ಇದು ಸೇರಿದಾಗ ಮನೆಯು ರಾಜ್ಯದ ವಿದ್ಯುತ್ ಕಂಪನಿಯಾದ ಮಹಾವಿತರಣದ ಮೊದಲ 100 ಯೂನಿಟ್ಟಿನ ಹಂತವನ್ನು ದಾಟುತ್ತದೆ, ದಾಟಿದ ಯೂನಿಟ್ಟುಗಳಿಗೆ ದರ ಸುಮಾರು ಎರಡು ಪಟ್ಟಾಗುತ್ತದೆ. ಐದು ಸ್ಟಾರಿನ ಗೀಸರ್ ತಂದರೂ ಉಳಿತಾಯವಾಗುವುದು ತೊಟ್ಟಿಯಲ್ಲಿ ನಿಂತ ನೀರು ತಣಿಯುವ ನಷ್ಟದಲ್ಲಿ ಮಾತ್ರ. ನೀರು ಕಾಯಲು ಬೇಕಾದ ಶಾಖವಂತೂ ಕಡಿಮೆಯಾಗುವುದಿಲ್ಲ.

ಸೂರ್ಯನ ಬಿಸಿಲಿನಲ್ಲಿ ನೀರು ಕಾಯಿಸುವ ವ್ಯವಸ್ಥೆ ಹೊಸದೇನಲ್ಲ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಮಿಷನ್ ಅಡಿಯಲ್ಲಿ ಕೇಂದ್ರ ಸರಕಾರ ಸೋಲಾರ್ ವಾಟರ್ ಹೀಟರಿಗೆ ಸಹಾಯಧನ ಕೊಡುತ್ತಿತ್ತು. 2014ರಲ್ಲಿ ಅದು ನಿಂತುಹೋಯಿತು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ವ್ಯವಸ್ಥೆಗೆ 78,000 ರೂಪಾಯಿಯವರೆಗೆ ಸಹಾಯಧನವಿದ್ದರೂ ಅದು ವಿದ್ಯುತ್ ಉತ್ಪಾದಿಸುವ ಫಲಕಗಳಿಗೆ ಮೀಸಲು, ಅದೂ ಸ್ವಂತ ಮಾಳಿಗೆ ಇದ್ದವರಿಗೆ. ಪುಣೆ ಮಹಾನಗರಪಾಲಿಕೆಯು ಸೌರ ವ್ಯವಸ್ಥೆ ಅಳವಡಿಸಿದ ಮನೆಗಳಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತ ಬಂದಿದೆ. ನನ್ನ ತವರು ರಾಜ್ಯದಲ್ಲಿ ವಿದ್ಯುತ್ ಕಂಪನಿಗಳು ಸೋಲಾರ್ ಹೀಟರ್ ಇದ್ದ ಮನೆಯ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿಯವರೆಗೆ ಕಡಿತ ಮಾಡುವ ಪದ್ಧತಿ ತಂದವು. ಮೊತ್ತ ಚಿಕ್ಕದು, ಆದರೆ ಬೆಂಗಳೂರಿನ ಮಾಳಿಗೆಗಳನ್ನು ನೋಡಿದವರಿಗೆ ಇಂಥ ಕ್ರಮಗಳ ಪರಿಣಾಮ ತಿಳಿಯುತ್ತದೆ. ಮಹಾನಗರಪಾಲಿಕೆಯ ಗಡಿ ಮುಗಿದಲ್ಲಿ ರಿಯಾಯಿತಿಯೂ ಮುಗಿಯಬೇಕು ಎಂಬುದಕ್ಕೆ ನನಗೆ ಯಾವ ತರ್ಕವೂ ಕಾಣುವುದಿಲ್ಲ. ಗ್ರಾಮ ಪಂಚಾಯಿತಿಗಳು 1958ರ ಕಾಯ್ದೆಯ ಅಡಿಯಲ್ಲಿ ಮನೆ ತೆರಿಗೆ ವಸೂಲು ಮಾಡುತ್ತವೆ. ಅದರಲ್ಲಿ ಇಂಥದೇ ರಿಯಾಯಿತಿಗೆ ಅವಕಾಶ ಕೊಡುವಂತೆ ಜಿಲ್ಲಾ ಪರಿಷತ್ತು ಗ್ರಾಮವಿಕಾಸ ಇಲಾಖೆಗೆ ಪ್ರಸ್ತಾವ ಕಳುಹಿಸಬೇಕೆಂಬುದು ನನ್ನ ಮೊದಲ ಕೋರಿಕೆ.

ಆದರೆ ಇಡೀ ಜಿಲ್ಲೆಗೆ ಒಂದೇ ಟೆಂಡರ್ ಕರೆದು ಒಂದೇ ಬಗೆಯ ಹೀಟರ್ ಹಂಚುವ ಯೋಚನೆ ಬಂದರೆ ದಯವಿಟ್ಟು ಅದನ್ನು ಅಲ್ಲಿಯೇ ತಡೆಯಿರಿ. ಈ ಜಿಲ್ಲೆಗೆ ಎರಡು ಆಕಾಶಗಳಿವೆ. ಶಿರೂರು, ದೌಂಡ್, ಬಾರಾಮತಿ, ಇಂದಾಪುರಗಳು ಪೂರ್ವದ ಮಳೆನೆರಳಿನ ತಾಲ್ಲೂಕುಗಳು, ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ. ಪಶ್ಚಿಮದ ಲೋಣಾವಳಾದಲ್ಲಿ ಸುಮಾರು 4,000 ಮಿಲಿಮೀಟರ್. ಮಾವಳ, ಮುಳಶಿ, ಭೋರ್‌ನ ಘಟ್ಟದ ಅಂಚಿನ ಹಳ್ಳಿಗಳಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲಿನ ಮುಖ ಕಾಣುವುದೇ ಅಪರೂಪ, ಬಿಸಿನೀರು ಹೆಚ್ಚು ಬೇಕಾಗುವುದೂ ಗದ್ದೆಯ ಕೆಸರಿನಲ್ಲಿ ನೆನೆದು ಬರುವ ಆ ದಿನಗಳಲ್ಲಿಯೇ.

ಪೂರ್ವದ ತಾಲ್ಲೂಕುಗಳಿಗೆ ಸೋಲಾರ್ ಹೇಳಿ ಮಾಡಿಸಿದಂತಿದೆ. ಅಲ್ಲಿಯೂ ಎರಡು ತೊಡಕುಗಳನ್ನು ಮೊದಲೇ ಗಮನಿಸಬೇಕು. ಮಾಳಿಗೆಯ ಹೀಟರಿನಲ್ಲಿ ಕಾದ ನೀರು ಹಗುರಾಗಿ ತಾನಾಗಿಯೇ ಮೇಲಿನ ತೊಟ್ಟಿಗೆ ಏರುತ್ತದೆ, ಪಂಪು ಬೇಡ. ಆದರೆ ತಣ್ಣೀರಿನ ಟಾಕಿ ಆ ತೊಟ್ಟಿಗಿಂತ ಎತ್ತರದಲ್ಲಿರಬೇಕು. ನಳದಲ್ಲಿ ದಿನ ಬಿಟ್ಟು ದಿನ ನೀರು ಬರುವ, ಅಂಗಳದ ಪೀಪಾಯಿಯಲ್ಲಿ ನೀರು ತುಂಬಿಡುವ ಮನೆಗೆ ಹೀಟರ್ ಒಂದನ್ನೇ ಕೊಟ್ಟರೆ ಅದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಒಣಗಿ ನಿಲ್ಲುತ್ತದೆ. ಟಾಕಿ, ಸ್ಟ್ಯಾಂಡ್, ಪೈಪುಗಳ ವೆಚ್ಚವನ್ನೂ ಅಂದಾಜು ಪತ್ರಿಕೆಯಲ್ಲಿ ಸೇರಿಸಬೇಕು. ಎರಡನೆಯದು ಬೋರ್‌ವೆಲ್ಲಿನ ಗಡಸು ನೀರು. ಅದು ಕಾದಾಗ ಸುಣ್ಣದ ಪದರು ಕಟ್ಟಿ ಚಪ್ಪಟೆ ಫಲಕದ ಸಣ್ಣ ತಾಮ್ರದ ಕೊಳವೆಗಳನ್ನು ಮುಚ್ಚಿಬಿಡುತ್ತದೆ. ಇನ್ನೊಂದು ಬಗೆಯ ಹೀಟರಿನ ಗಾಜಿನ ನಿರ್ವಾತ ಕೊಳವೆಗಳು ಇದನ್ನು ಹೆಚ್ಚು ತಾಳಿಕೊಳ್ಳುತ್ತವೆ, ಒಡೆದರೆ ಒಂದೊಂದನ್ನೇ ಬದಲಿಸಬಹುದು. ಆದರೆ ಬಿಡಿ ಕೊಳವೆಗಳು ತಾಲ್ಲೂಕಿನ ಅಂಗಡಿಯಲ್ಲಿ ಸಿಗುವಂತಿರಬೇಕು. ನನಗೆ ಗೊತ್ತಿರುವ ಒಂದು ವಸತಿ ಶಾಲೆಯ ಮಾಳಿಗೆಯಲ್ಲಿ ಕೆಲವೇ ಕೊಳವೆಗಳು ಒಡೆದಿದ್ದಕ್ಕೆ ಇಡೀ ವ್ಯವಸ್ಥೆ ನಿಂತಿತ್ತು, ಕೆಳಗೆ ಹಂಡೆಯ ಒಲೆ ಮತ್ತೆ ಉರಿಯುತ್ತಿತ್ತು.

ಪಶ್ಚಿಮದ ಮನೆಗಳಿಗೆ ನಾನು ಸೂಚಿಸುವುದು ಹಳೆಯ ವಸ್ತುವನ್ನೇ. ಪುಣೆಯ ಕಸಬಾ ಪೇಠೆಯ ತಾಂಬಟ ಆಳಿಯಲ್ಲಿ ತಲೆಮಾರುಗಳಿಂದ ನೀರು ಕಾಯಿಸುವ ತಾಮ್ರದ ಬಂಬ ಬಡಿಯುತ್ತಾರೆ. ಬಂಬದ ನಡುವೆ ಉರಿಯ ಕೊಳವೆ, ಅದರ ಸುತ್ತಲೂ ನೀರು, ಕೆಳಗೆ ಬೂದಿಯ ಜಾಲರಿ. ಬೆಂಕಿಯನ್ನು ನೀರೇ ಸುತ್ತುವರಿದಿರುವುದರಿಂದ ಶಾಖಕ್ಕೆ ಬೇರೆಡೆ ಹೋಗಲು ದಾರಿ ಕಡಿಮೆ. ಕಾರ್ಖಾನೆಯ ಹೊಗೆಕೊಳವೆ ಬಾಯ್ಲರಿನ ತತ್ವವೂ ಇದೇ, ನಮ್ಮ ಅಜ್ಜಂದಿರು ಅದನ್ನು ಬಚ್ಚಲಿನಲ್ಲಿ ಇಟ್ಟುಕೊಂಡಿದ್ದರು ಎಂದರೆ ತಪ್ಪಾಗಲಾರದು. ಇಂದು ತಾಮ್ರದ ಬೆಲೆ ಬಡವರಿಗೆ ಎಟುಕದು. ಅದೇ ವಿನ್ಯಾಸವನ್ನು ಸ್ಟೀಲಿನಲ್ಲಿ, ಹೊರಗಿನಿಂದ ಶಾಖ ಸೋರದಂತೆ ಹೊದಿಕೆ ಕೊಟ್ಟು, ಹೊಗೆಯನ್ನು ಮಾಡಿನಾಚೆಗೆ ಒಯ್ಯುವ ಕೊಳವೆಯೊಡನೆ ತಯಾರಿಸಿದರೆ ಕಟ್ಟಿಗೆಯ ಖರ್ಚು ಅರ್ಧಕ್ಕೆ ಇಳಿಯುವ ಸಾಧ್ಯತೆಯಿದೆ. ಸುಧಾರಿತ ಒಲೆಗಳ ಮೇಲೆ ಬಹುಕಾಲ ಕೆಲಸ ಮಾಡಿರುವ ‘ಆರ್ತಿ’ ಸಂಸ್ಥೆ ಪುಣೆಯಲ್ಲಿಯೇ ಇದೆ. ಪರೀಕ್ಷೆ, ವಿನ್ಯಾಸಗಳಿಗೆ ದೂರ ಹೋಗಬೇಕಾಗಿಲ್ಲ.

ಸಂಸ್ಥೆಗಳಿಗೆ ಹೀಟ್ ಪಂಪ್ ಸರಿಹೋಗುತ್ತದೆ. ಇದು ಫ್ರಿಜ್ಜನ್ನು ತಿರುಗಿಸಿಟ್ಟಂತೆ: ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಸೇರಿಸುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ಮಳೆಗಾಲದಲ್ಲಿಯೂ ಘಟ್ಟದ ಗಾಳಿ ಅಷ್ಟು ತಣ್ಣಗಿರುವುದಿಲ್ಲವಾದ್ದರಿಂದ ಮೋಡ ಇದಕ್ಕೆ ಅಡ್ಡಿಯಲ್ಲ. ವಿದ್ಯುತ್ ಕೈಕೊಡುವ ಹಳ್ಳಿಗಳಲ್ಲಿ ತೊಟ್ಟಿ ದೊಡ್ಡದಿದ್ದರೆ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಮ್ಮ ಅಧೀನದಲ್ಲಿಯೇ ಇರುವುದರಿಂದ ಅಲ್ಲಿಂದಲೇ ಆರಂಭಿಸಬಹುದು. ಹೆರಿಗೆಯಾದ ತಾಯಿಗೆ ಬೆಳಗಿನ ಜಾವ ಬಿಸಿನೀರು ಬೇಕಾದಾಗ ಸಂಬಂಧಿಕರು ಹೊರಗೆ ಕಲ್ಲು ಹೂಡಿ ಒಲೆ ಹೊತ್ತಿಸುವ ಸ್ಥಿತಿ ಸರಕಾರಿ ಕಟ್ಟಡದ ಆವರಣದಲ್ಲಿ ಇರಬಾರದು.

ಹಾಲಿನ ಸಂಗ್ರಹ ಕೇಂದ್ರಗಳ ಬಗ್ಗೆಯೂ ಒಂದು ಮಾತು. ಕರೆದ ಬಿಸಿಯಲ್ಲಿ ಬಂದ ಒಂದು ಸಾವಿರ ಲೀಟರ್ ಹಾಲನ್ನು 4 ಡಿಗ್ರಿಗೆ ಇಳಿಸುವಾಗ ಮೂವತ್ತು ಯೂನಿಟ್ಟಿಗೂ ಮಿಕ್ಕ ಶಾಖವನ್ನು ಯಂತ್ರ ಹಿಂಬದಿಯಿಂದ ಗಾಳಿಗೆ ಊದುತ್ತದೆ, ಪಕ್ಕದ ಕೋಣೆಯಲ್ಲಿ ಕ್ಯಾನು ತೊಳೆಯಲು ಗೀಸರ್ ಉರಿಯುತ್ತಿರುತ್ತದೆ. ಆ ಶಾಖದ ಅರ್ಧವನ್ನು ಹಿಡಿದರೂ ಗೀಸರಿನ ಕೆಲಸ ಮುಗಿಯುತ್ತದೆ. ಹಾಲಿನ ಸಂಘಗಳ ಪದಾಧಿಕಾರಿಗಳನ್ನು ಒಮ್ಮೆ ಕರೆದು ಕೂರಿಸಿದರೆ ಇದಕ್ಕೆ ಸರಕಾರದ ಹಣವೂ ಬೇಕಾಗಲಾರದು.

ಬಾಡಿಗೆಯ ಖೋಲಿಗಳ ಪ್ರಶ್ನೆ ಎಲ್ಲಕ್ಕಿಂತ ಕಠಿಣ, ಏಕೆಂದರೆ ಮಾಳಿಗೆ ಒಬ್ಬರದು, ಹೊಗೆ ಇನ್ನೊಬ್ಬರದು. ಮಾಲೀಕನಿಗೆ ಹೀಟರ್ ಹಾಕಿಸಿ ಲಾಭವಿಲ್ಲ; ಬಾಡಿಗೆದಾರ ಮುಂದಿನ ವರ್ಷ ಎಲ್ಲಿರುತ್ತಾನೋ ಅವನಿಗೇ ತಿಳಿಯದು. ಹತ್ತು ಖೋಲಿಗಳ ಸಾಲಿಗೆ 500 ಲೀಟರಿನ ಒಂದು ಸಾಮೂಹಿಕ ಸೋಲಾರ್ ಹೀಟರ್ ಸಾಕು: 60 ಡಿಗ್ರಿಗೆ ಕಾದ ಅಷ್ಟು ನೀರಿಗೆ ತಣ್ಣೀರು ಬೆರೆಸಿದರೆ ಜಳಕಕ್ಕೆ ಸುಮಾರು 45 ಬಕೆಟ್ ಆಗುತ್ತದೆ. ಮೇಲೆ ಹೇಳಿದ ಮನೆ ತೆರಿಗೆಯ ರಿಯಾಯಿತಿಯನ್ನು ಇಂಥ ಮಾಲೀಕರಿಗೆ ಹೆಚ್ಚಿನ ಪ್ರಮಾಣದಲ್ಲಿ ಕೊಡಬೇಕು, ಸುತ್ತಲಿನ ಕಾರ್ಖಾನೆಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನೂ ಇದಕ್ಕೆ ಕೇಳಬೇಕು. ಒಲೆಗಳಲ್ಲಿ ಸುಡುತ್ತಿರುವುದು ಅವರದೇ ಪ್ಯಾಲೆಟ್ಟುಗಳಲ್ಲವೇ?

1983ರಿಂದ 2002ರವರೆಗೆ ನಡೆದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದಾದ್ಯಂತ ಕೋಟಿಗಟ್ಟಲೆ ಒಲೆಗಳು ಬಂದವು. ಎಷ್ಟು ಹಂಚಿದೆವು ಎಂಬ ಲೆಕ್ಕವಿತ್ತೇ ಹೊರತು ದುರಸ್ತಿಯ ವ್ಯವಸ್ಥೆ ಗಟ್ಟಿಯಾಗಿರಲಿಲ್ಲ, ಹಲವು ಮನೆಗಳಲ್ಲಿ ಅವು ಮೂಲೆ ಸೇರಿದವು. ಆದ್ದರಿಂದ ಗುತ್ತಿಗೆಯಲ್ಲಿ ಐದು ವರ್ಷದ ನಿರ್ವಹಣೆಯನ್ನು ಸೇರಿಸಿ, ಹಣದ ಒಂದು ಭಾಗವನ್ನು ವ್ಯವಸ್ಥೆ ನಡೆಯುತ್ತಿರುವುದನ್ನು ಪಂಚಾಯಿತಿ ದೃಢೀಕರಿಸಿದ ಮೇಲೆಯೇ ವರ್ಷ ವರ್ಷ ಬಿಡುಗಡೆ ಮಾಡಬೇಕೆಂದು ಒತ್ತಾಯಿಸುತ್ತೇನೆ. ಪ್ರತಿ ತಾಲ್ಲೂಕಿನ ಐಟಿಐಗಳಲ್ಲಿ ಪ್ಲಂಬಿಂಗ್ ಕಲಿಯುವ ಹುಡುಗರಿಗೆ ಈ ದುರಸ್ತಿಯ ತರಬೇತಿ ಕೊಡಿಸಬಹುದು.

ರಾಜ್ಯ ಸರಕಾರದ ‘ಮಾಝೀ ವಸುಂಧರಾ’ ಪರಿಸರ ಅಭಿಯಾನದಲ್ಲಿ ಪಂಚಾಯಿತಿಗಳಿಗೆ ‘ಅಗ್ನಿ’ ಎಂಬ ವಿಭಾಗದಡಿ ಇಂಧನ ಉಳಿತಾಯಕ್ಕೆ ಅಂಕಗಳಿವೆ. ಬಿಸಿನೀರಿನ ಸುಧಾರಣೆಗೂ ಅಲ್ಲಿ ಅಂಕ ಸಿಗುವಂತೆ ತಾವು ಶಿಫಾರಸು ಮಾಡಬಹುದು. ಅಕ್ಟೋಬರ್ 2ರ ಗ್ರಾಮಸಭೆಯಲ್ಲಿ ಮುಂದಿನ ವರ್ಷದ ಗ್ರಾಮ ವಿಕಾಸ ಆರಾಖಡಾ (ಯೋಜನೆ) ಚರ್ಚೆಗೆ ಬರುವಾಗ, ಪ್ರತಿ ಊರಿನಲ್ಲಿ ಎಷ್ಟು ಮನೆಗಳು ಯಾವುದರಿಂದ ನೀರು ಕಾಯಿಸುತ್ತಿವೆ ಎಂಬ ಸಮೀಕ್ಷೆಯನ್ನು, ಬಾಡಿಗೆಯ ಖೋಲಿಗಳನ್ನೂ ಸೇರಿಸಿ, ಗ್ರಾಮ ಪಂಚಾಯಿತಿ ಅಧಿಕಾರಿಗಳು ಸಭೆಯ ಮುಂದಿಡುವಂತೆ ತಾವು ಸುತ್ತೋಲೆ ಹೊರಡಿಸಬೇಕು. ಸಮೀಕ್ಷೆಯ ನಮೂನೆಯೊಂದನ್ನು ಮರಾಠಿ, ಕನ್ನಡ ಎರಡರಲ್ಲಿಯೂ ಸಿದ್ಧಪಡಿಸಿ ಮರಾಠಿ ಪ್ರತಿಯೊಡನೆ ಲಗತ್ತಿಸಿದ್ದೇನೆ. ಖೇಡ್ ತಾಲ್ಲೂಕಿನಲ್ಲಿ ಅದನ್ನು ತುಂಬಿಸಲು ಜನ ಬೇಕಾದರೆ ನಾನೂ, ನನ್ನ ಜೊತೆಗೆ ದುಡಿದ ಕೆಲವರೂ ಸಿದ್ಧರಿದ್ದೇವೆ.

ಇತಿ,
ತಮ್ಮ ವಿಶ್ವಾಸಿ,
ಖೇಡ್ ತಾಲ್ಲೂಕಿನ ಕನ್ನಡಿಗ ನಿವಾಸಿ